ಸಾಗರದಲ್ಲಿ ಕಳುವಾದ ಮಳೆ

ಮಳೆಯನ್ನು ಯಾರಾದರೂ ಕದಿಯುತ್ತಾರೆಯೇ? ದನ ಕದಿಯುವವರುಂಟು, ಬಾಳೆಗೊನೆ ಕದಿಯುವವರುಂಟು, ದೇವರ ಹುಂಡಿಗೆ ಕೈ ಹಾಕುವ ಪುಣ್ಯಾತ್ಮರೂ ಉಂಟು. ಆದರೆ 1987ರ ಪುನರ್ವಸು ಮಳೆಯ ಹೊತ್ತಿಗೆ ಜವಾನ ಚಂದ್ರಯ್ಯನಿಗೆ ಖಾತ್ರಿಯಾಗಿಹೋಗಿತ್ತು, ತನ್ನ ಮಳೆಯನ್ನು ಯಾರೋ ಕದಿಯುತ್ತಿದ್ದಾರೆ ಎಂದು.

ತನ್ನ ಮಳೆ ಎಂದದ್ದು ಸುಮ್ಮನೆ ಅಲ್ಲ. ಅವನು ಸಾಗರದ ಒಂದು ಸರ್ಕಾರಿ ಕಚೇರಿಯಲ್ಲಿದ್ದ. ಯಾವ ಕಚೇರಿ ಎಂದು ಕೇಳಬೇಡಿ, ಅಲ್ಲಿ ಕೂತಿದ್ದವರಲ್ಲಿ ಕೆಲವರು ಇನ್ನೂ ಗಟ್ಟಿಯಾಗಿದ್ದಾರೆ, ನನಗೆ ಯಾಕೆ ಬೇಕು. ಅದರ ಹಿಂದಿನ ಅಂಗಳದಲ್ಲಿ ಮುಳ್ಳುತಂತಿ ಬೇಲಿಯೊಳಗೆ ಮಳೆ ಅಳೆಯುವ ಡಬ್ಬಿ ಇತ್ತು. ಮೇಲೆ ಹಿತ್ತಾಳೆ ಅಂಚಿನ ಆಲಿಕೆ, ಒಳಗೆ ಬಾಟ್ಲಿ. ಆಲಿಕೆಗೆ ಬಿದ್ದ ಮಳೆ ಸಣ್ಣ ಕೊಳವೆಯಲ್ಲಿ ಇಳಿದು ಬಾಟ್ಲಿಗೆ ಸೇರಬೇಕು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅದನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು ಎಷ್ಟು ಮಿಲಿಮೀಟರ್ ಬಂತೆಂದು ರಿಜಿಸ್ಟರಿನಲ್ಲಿ ಬರೆಯಬೇಕು. ಈ ಕೆಲಸವನ್ನು ಚಂದ್ರಯ್ಯ ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಮಗಳ ಮದುವೆಯ ದಿನ ಕೂಡ ಧಾರೆಗೆ ಮುಂಚೆ ರೇಷ್ಮೆ ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದು ಅಳೆದು ಹೋಗಿದ್ದ. ಬೀಗರು ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. "ಚಂದ್ರಯ್ಯ ಬರೆದ ಮಳೆ ಅಂದ್ರೆ ಬಿದ್ದ ಮಳೆ" ಎಂದು ಊರು ಹೇಳುತ್ತಿತ್ತು. ಓದು ನಾಲ್ಕನೇ ಕ್ಲಾಸು, ಆಸ್ತಿ ಇಲ್ಲ, ಅವನಿಗೆ ಇದ್ದದ್ದು ಆ ಒಂದು ಹೆಸರು.

ಎಪ್ಪತ್ತೊಂಬತ್ತರಲ್ಲಿ ಕಚೇರಿಯ ಪಕ್ಕದ ಓಣಿಯ ಅಕ್ಕಿ ಗಿರಣಿಗೆ ಉಮಿ ಉರಿಸುವ ಹೊಸ ಬಾಯ್ಲರ್ ಬಂತು. ಅದರ ಚಿಮಣಿ ಕಚೇರಿಯ ಮಾಡಿಗಿಂತ ಎತ್ತರ. ಆಮೇಲೆ ಪೇಟೆಗೆ ಅದೇ ಚಾಳಿ ಹಿಡಿಯಿತು. ಇನ್ನೆರಡು ಗಿರಣಿ ಬಂದವು, ಹೆಂಚಿನ ಕಾರ್ಖಾನೆ ಬಂತು, ಮರದ ಮಿಲ್ಲುಗಳ ಹಿಂದೆ ಮರದ ಹೊಟ್ಟಿನ ರಾಶಿ ಹಗಲಿಡೀ ಹೊಗೆಯಾಡತೊಡಗಿತು. ಮರದ ನಾಟಾ ಹೇರಿಕೊಂಡ ಲಾರಿಗಳು ಬೇರೆ, ತಾಳಗುಪ್ಪಕ್ಕೆ ಹೋಗುವ ಕಲ್ಲಿದ್ದಲ ರೈಲು ಬೇರೆ. ಒಗೆದು ಹಾಕಿದ ಪಂಚೆ ಒಣಗುವುದರೊಳಗೆ ಚುಕ್ಕಿ ಚುಕ್ಕಿ. ಪೇಟೆಯವರು ಬೈದರು, ಮತ್ತೆ ಒಗೆದರು, ಕಡೆಗೆ ಒಗ್ಗಿಕೊಂಡರು. ಹೊಗೆ ಕಂಡರೆ ಊರು ಉದ್ಧಾರವಾಗುತ್ತಿದೆ ಎಂದು ಸಂತೋಷಪಡುವ ಕಾಲ ಅದು.

ಚಂದ್ರಯ್ಯನಿಗೆ ಮಾತ್ರ ತನ್ನ ಆಲಿಕೆ ಕಪ್ಪಾಗುವುದು ಸಹಿಸಲಾಗಲಿಲ್ಲ. ಗಿರಣಿಯಿಂದಲೇ ಒಂದು ಡಬ್ಬಿ ಉಮಿಬೂದಿ ಬೇಡಿ ತಂದ. ಪ್ರತಿ ಸೋಮವಾರ ಬೂದಿಗೆ ಹುಣಸೆಹಣ್ಣು ಕಲಸಿ, ತೆಂಗಿನ ನಾರಿನಲ್ಲಿ ದೇವರ ಪಾತ್ರೆ ಬೆಳಗುವಂತೆ ಆಲಿಕೆಯನ್ನು ತಿಕ್ಕಿ ಬೆಳಗಿದ. ಹಿತ್ತಾಳೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಆದರೆ ತೊಳೆಯಲು ಒಂದು ಹನಿ ನೀರು ಹೊಯ್ಯುತ್ತಿರಲಿಲ್ಲ. ಹೊಯ್ದರೆ ಅದು ಬಾಟ್ಲಿಗೆ ಇಳಿದು ಬಾರದ ಮಳೆ ಬಂದಂತೆ ಆದೀತಲ್ಲ! ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡುತ್ತಿದ್ದ. ಅಷ್ಟು ಪ್ರಾಮಾಣಿಕ ನಮ್ಮ ಚಂದ್ರಯ್ಯ.

ಹೊಸನಗರದಲ್ಲಿ ಹೂವಯ್ಯ ಎಂಬ ಅವನ ಗೆಳೆಯ ಇಂಥದೇ ಡಬ್ಬಿ ಕಾಯುತ್ತಿದ್ದ. ಇಬ್ಬರೂ ತೀರ್ಥಹಳ್ಳಿ ಕಡೆಯ ಒಂದೇ ಊರಿನವರು. ಮಳೆಗಾಲದಲ್ಲಿ ವಾರಕ್ಕೊಂದು ಕಾರ್ಡು, ಯಾರ ಊರಿಗೆ ಎಷ್ಟು ಬಿತ್ತು ಎಂದು ಪೈಪೋಟಿ. ಕೆಲವು ವರ್ಷಗಳಿಂದ ಹೂವಯ್ಯನದೇ ಮೇಲುಗೈ. "ನಿಮ್ಮ ಸಾಗರದಲ್ಲಿ ಮಳೆರಾಯನಿಗೆ ಮೈಯಲ್ಲಿ ಹುಷಾರಿಲ್ಲವೋ?" ಎಂದು ಆ ವಾರ ಕಾರ್ಡು ಬಂದಾಗ ಚಂದ್ರಯ್ಯ ನಗಲಿಲ್ಲ. ಈ ಹೂವಯ್ಯ ರಾತ್ರಿ ಒಂದು ಚೆಂಬು ನೀರು ಸುರಿದು ಬೆಳಿಗ್ಗೆ ಅಳೆಯುತ್ತಾನೋ ಏನೋ ಎಂದುಕೊಂಡ. ಅನುಮಾನ ಮೊದಲು ಬಿದ್ದದ್ದು ಗೆಳೆಯನ ಮೇಲೆ.

ಅದೇ ವಾರ ಹೆಡ್ ಗುಮಾಸ್ತ ಮುಕುಂದಯ್ಯ ಅವನನ್ನು ಮೇಜಿನ ಮುಂದೆ ನಿಲ್ಲಿಸಿದ. ಮುಂದೆ ಒಂದು ಹಾಳೆ.

"ಹದಿನಾಲ್ಕನೇ ತಾರೀಖು ಹೊಸನಗರ ನೂರೈವತ್ತೊಂದು. ತಾಳಗುಪ್ಪ ನೂರ ಮೂವತ್ತೆಂಟು. ಸಾಗರ ಐವತ್ತೆಂಟು. ಎಂತ ಚಂದ್ರಯ್ಯ ಇದು? ತಾಳಗುಪ್ಪ ಎಂತ ಕಾಶಿಲಿ ಇದ್ಯಾ? ಎದ್ದು ಹೋಗಿ ಅಳೀತೀಯೋ, ಹಾಸಿಗೆಲೇ ಬರೀತೀಯೋ?"

"ಅಣ್ಣಪ್ಪ ಸ್ವಾಮಿ ಆಣೆ ಸಾರ್, ಬಾಟ್ಲಿಲಿ ಇದ್ದಿದ್ದೇ ಬರ್ದಿದೀನಿ."

"ಆಣೆಗೆ ಕಾಲಂ ಇಲ್ಲ ಇದ್ರಲ್ಲಿ. ಮೇಲಿನಿಂದ ಕೇಳಿದಾರೆ. ಎಂಟು ದಿನದಲ್ಲಿ ಸಮಜಾಯಿಷಿ ಕೊಡು. ಇಲ್ದಿದ್ರೆ ಸುಳ್ಳು ಮಳೆ ಬರ್ದಿದಾನೆ ಅಂತ ನಾನೇ ಬರೀಬೇಕಾಗ್ತದೆ."

ಸುಳ್ಳು ಮಳೆ! ಚಂದ್ರಯ್ಯನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮನೆಗೆ ಹೋದರೆ ಊಟ ಸೇರಲಿಲ್ಲ. ಕೂತು ಹಿಂದಿನ ಪುಟಗಳನ್ನು ನೆನೆಸಿಕೊಂಡ. ಜಿಟಿಜಿಟಿ ಮಳೆ ಬಂದ ದಿನ ಸಾಗರದ ಲೆಕ್ಕವೂ ತಾಳಗುಪ್ಪದ ಲೆಕ್ಕವೂ ಹೆಚ್ಚುಕಡಿಮೆ ಸಮ. ಹುಚ್ಚು ಮಳೆ ಹೊಡೆದ ದಿನ ಮಾತ್ರ ಅರ್ಧಕ್ಕರ್ಧ ಮಾಯ. ಅಂದರೆ ಕಳ್ಳ ದೊಡ್ಡ ಮಳೆಗೆ ಕಾದು ಕೂತು ಕದಿಯುತ್ತಿದ್ದಾನೆ. ನೀರು ಬೇಕಾದವನು. ಡಬ್ಬಿಯ ಹತ್ತಿರ ಇರುವವನು.

ಡಬ್ಬಿಯ ಹತ್ತಿರ ಇದ್ದವಳು ಗುತ್ಯಮ್ಮ. ಕಚೇರಿ ಗೋಡೆಗೆ ಆತುಕೊಂಡಂತೆ ತಗಡಿನ ಚಾ ಅಂಗಡಿ ಇಟ್ಟ ಹೆಂಗಸು, ಗಂಡ ಸತ್ತು ಬಹಳ ವರ್ಷ. ಕೆಮ್ಮು ಅವಳ ಜೊತೆಗೇ ಹುಟ್ಟಿದ್ದೇನೋ ಅನ್ನುವಷ್ಟು ಕೆಮ್ಮುತ್ತಿದ್ದಳು. ತಗಡಿನ ಮಾಡಿನ ಕೆಳಗೆ ಒಂದು ಡ್ರಮ್ಮು ಇಟ್ಟಿದ್ದಳು, ಪಾತ್ರೆ ತೊಳೆಯುವ ನೀರಿಗೆ. ಚಂದ್ರಯ್ಯನ ಬಾಟ್ಲಿ ಅರ್ಧವಾಗಿದ್ದ ದಿನವೆಲ್ಲ ಅವಳ ಡ್ರಮ್ಮು ತುಂಬಿ ಚೆಲ್ಲುತ್ತಿತ್ತು. ಇದನ್ನು ಅವನು ಎಷ್ಟೋ ಸಲ ಕಣ್ಣಾರೆ ಕಂಡಿದ್ದ. ಈಗ ಆ ಡ್ರಮ್ಮು ಅವನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು. ಬಾಟ್ಲಿಯ ನೀರಿನಿಂದ ಡ್ರಮ್ಮು ತುಂಬೀತೇ ಎಂದು ಒಂದು ಸಲವಾದರೂ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಂಶಯ ಹೊಕ್ಕ ತಲೆಯಲ್ಲಿ ಲೆಕ್ಕಕ್ಕೆ ಜಾಗ ಎಲ್ಲಿ?

ಹತ್ತೊಂಬತ್ತು ವರ್ಷ ಅವಳ ಕೈಯ ಚಾ ಕುಡಿದವನು ಈಗ ಕುಡಿಯುವಾಗ ಅವಳ ಕೈಯನ್ನೇ ನೋಡತೊಡಗಿದ. "ನೀರು ಎಲ್ಲಿಂದು ಗುತ್ಯಮ್ಮ?" ಎಂದು ಕೇಳಿದ.

"ಮೇಲಿಂದು," ಎಂದಳು ಅವಳು, ಮಾಡು ತೋರಿಸಿ. "ಮಳೆನೀರು ಕಪ್ಪಗೆ ಬರ್ತದೆ ಚಂದ್ರಣ್ಣ, ಎಷ್ಟು ಸಲ ಹೇಳ್ದೆ ನಿಂಗೆ. ಮೂರು ಸಲ ಸೋಸಿ ಪಾತ್ರೆ ತೊಳಿಬೇಕು. ಒಂದ್ಸಲ ಬಂದು ನೋಡು ಅಂದ್ರೆ ನಗ್ತೀಯ."

ಅವನು ಆ ದಿನವೂ ನೋಡಲಿಲ್ಲ. ಬದಲಿಗೆ ಸಂಜೆ ಅಂಗಡಿಯಿಂದ ರಂಗೋಲಿ ಪುಡಿ ತಂದು ಬೇಲಿಯೊಳಗೆ, ಮಳೆ ಹೊಳವಾಗಿ ನಿಂತ ಹೊತ್ತಿನಲ್ಲಿ, ಬೇಲಿಗೆ ಸಿಕ್ಕಿಸಿದ ತಗಡಿನ ಚೂರಿನ ಮರೆಯಲ್ಲಿ ಮಳೆ ತಾಗದ ನೆಲದ ಮೇಲೆ ತೆಳ್ಳಗೆ ಉದುರಿಸಿದ. ಬೇಲಿಯ ಬಾಗಿಲಿಗೆ ಒಂದು ಎಳೆ ಕಪ್ಪು ದಾರ ಕಟ್ಟಿದ. ಬೆಳಿಗ್ಗೆ ಎಂಟೂವರೆಗೆ ಬಂದು ನೋಡಿದರೆ ದಾರ ಹರಿದಿದೆ. ಪುಡಿಯ ಮೇಲೆ ಹೆಂಗಸಿನ ಸಣ್ಣ ಹೆಜ್ಜೆ, ಬರಿಗಾಲಿನದು. ಬಾಟ್ಲಿಯಲ್ಲಿ ನಲವತ್ತೊಂದು. ಮಧ್ಯಾಹ್ನ ಫೋನಿನಲ್ಲಿ ತಾಳಗುಪ್ಪದ ಲೆಕ್ಕ ಬಂತು: ತೊಂಬತ್ತಾರು.

ಅವನು ನೆಟ್ಟಗೆ ಅಂಗಡಿಗೆ ಹೋದ. ಚಾ ಕುಡಿಯುತ್ತ ನಾಲ್ಕು ಜನ ಕೂತಿದ್ದರು.

"ಬೇಲಿ ಒಳಗೆ ಹೋಗಿದ್ಯಾ ನೀನು?"

ಗುತ್ಯಮ್ಮ ಕೆಮ್ಮು ತಡೆದುಕೊಂಡು, "ಹೋಗಿದ್ದೆ," ಎಂದಳು. "ದೊಡ್ಡಪತ್ರೆ ಕೊಯ್ಯೋಕೆ. ಕೆಮ್ಮಿಗೆ ಕಷಾಯ ಕಾಸ್ಬೇಕಲ್ಲ. ದಿನಾ ಹೋಗ್ತೀನಿ, ನಿಂಗೊತ್ತಿಲ್ವಾ?"

"ದೊಡ್ಡಪತ್ರೆ! ಬೇರೆ ಎಲ್ಲೂ ಇಲ್ಲ ಊರಲ್ಲಿ?"

"ಇಷ್ಟು ಸೊಕ್ಕಿ ಬೆಳ್ದಿದ್ದು ಎಲ್ಲೂ ಇಲ್ಲ. ಆ ಡಬ್ಬಿ ಬುಡದಲ್ಲಿ ಯಾವಾಗ ನೋಡಿದ್ರೂ ನೀರೇ."

ನೋಡಿದಿರಾ, ಸತ್ಯ ಅವಳ ಬಾಯಿಂದ ಹೊರಬಿದ್ದೇಬಿಟ್ಟಿತ್ತು. ಡಬ್ಬಿಯ ಬುಡದಲ್ಲಿ ನೀರು ಯಾಕೆ ಇರಬೇಕು? ಆದರೆ ಚಂದ್ರಯ್ಯನ ಕಿವಿಗೆ ಅದು ಕಳ್ಳಿಯ ಒಪ್ಪಿಗೆಯಂತೆ ಕೇಳಿಸಿತು. "ಚೆಲ್ಲಿದೋರು ಯಾರು ಅಂತ ಗೊತ್ತಾಯ್ತು ಬಿಡು," ಎಂದ. ಕೂತವರಲ್ಲಿ ಒಬ್ಬ ನಕ್ಕ. ಗುತ್ಯಮ್ಮ ನಗಲಿಲ್ಲ. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು.

ಸಮಜಾಯಿಷಿಯನ್ನು ಅವನೇ ಬರೆದ. ದೊಡ್ಡ ದೊಡ್ಡ ಅಕ್ಷರ, ಅರ್ಧ ಪುಟ: ಚಾ ಅಂಗಡಿಯ ಗುತ್ಯಮ್ಮ ಎಂಬ ಹೆಂಗಸು ಬೇಲಿ ನುಗ್ಗಿ ಮಳೆಡಬ್ಬಿಯ ನೀರನ್ನು ತೆಗೆಯುತ್ತಿರುವುದು ಹೆಜ್ಜೆ ಗುರುತಿನಿಂದ ಸಾಬೀತಾಗಿರುತ್ತದೆ. ಮುಕುಂದಯ್ಯ ಓದಿ ಕನ್ನಡಕ ತೆಗೆದ. "ಬೆಂಕಿ ಇಲ್ದೆ ಹೊಗೆ ಆಡ್ತದಾ? ನಂಗೂ ಆ ಹೆಂಗಸಿನ ಮೇಲೆ ಒಂದು ಕಣ್ಣಿತ್ತು," ಎಂದ. ಇರಲಿಲ್ಲ, ಈಗ ಹುಟ್ಟಿತ್ತು ಅಷ್ಟೇ. ಮೂರೇ ದಿನದಲ್ಲಿ ಅಂಗಡಿಯ ತಗಡು ಕಿತ್ತು ರಸ್ತೆಗೆ ಹಾಕಿಸಿದರು. ಗುತ್ಯಮ್ಮ ಕೈಗಾಡಿಯಲ್ಲಿ ತಗಡು, ಒಲೆ, ಡ್ರಮ್ಮು ಹೇರಿಸಿಕೊಂಡು ರೈಲ್ವೆ ಗೇಟಿನ ಆಚೆಯ ತನ್ನ ಮನೆಗೆ ಹೋದಳು. ಚಂದ್ರಯ್ಯ ಕಿಟಕಿಯಿಂದ ನೋಡುತ್ತಿದ್ದ. ಮಳೆ ಕದ್ದದ್ದು ಅವಳೇ ತಾನೆ ಎಂದು ತನಗೆ ತಾನೇ ಹೇಳಿಕೊಂಡ.

ಬೇಲಿಯ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಜನಿವಾರದ ಹಾಗೆ ಚಂದ್ರಯ್ಯನ ಕೊರಳಲ್ಲೇ. ಆಶ್ಲೇಷಾ ಮಳೆ ಒಂದು ಇಡೀ ದಿನ ಹಿಡಿದು ಹೊಡೆಯಿತು. ಅವನು ಕಚೇರಿಯ ಹಿಂಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಡಬ್ಬಿಯ ಮೇಲೆ ಕಣ್ಣು ನೆಟ್ಟ. ನರಪಿಳ್ಳೆ ಸುಳಿಯಲಿಲ್ಲ. ಮರುದಿನ ಎಂಟೂವರೆಗೆ ಲೋಟಕ್ಕೆ ಸುರಿದ.

ಐವತ್ತು. ಆ ದಿನ ತಾಳಗುಪ್ಪಕ್ಕೆ ನೂರ ಇಪ್ಪತ್ತು ಬಿದ್ದಿತ್ತು.

ಕಳ್ಳಿ ಇಲ್ಲ, ಡ್ರಮ್ಮು ಇಲ್ಲ, ಬಾಗಿಲಿಗೆ ಬೀಗ. ಹಾಗಾದರೆ ಉಳಿದವನು ಯಾರು? ಬೀಗದ ಕೈ ಯಾರ ಹತ್ತಿರ ಇದೆಯೋ ಅವನು. ಮುಕುಂದಯ್ಯನೂ ಅದನ್ನೇ ಯೋಚಿಸುತ್ತಿದ್ದಾನೆಂದು ಅವನ ಕಣ್ಣು ನೋಡಿದರೇ ತಿಳಿಯುತ್ತಿತ್ತು.

ಅದರ ಮುಂದಿನ ವಾರ ಬೆಂಗಳೂರಿನಿಂದ ಮಳೆ ಲೆಕ್ಕ ತಪಾಸಣೆ ಮಾಡಲು ವನಮಾಲಾ ಎಂಬ ಅಧಿಕಾರಿ ಬಂದಳು. ಕೆಳದಿ ಹತ್ತಿರದ ತೋಟದವರ ಮನೆಯ ಹುಡುಗಿಯಂತೆ, ಮೂವತ್ತು ದಾಟಿರಲಿಲ್ಲ. ನೇರ ಬೇಲಿಯೊಳಗೆ ಹೋಗಿ ಆಲಿಕೆಯನ್ನು ನೋಡಿ, "ಎಷ್ಟು ಚೆನ್ನಾಗಿ ಬೆಳಗಿದೀರಿ! ಯಾವುದರಲ್ಲಿ?" ಎಂದಳು.

"ಉಮಿಬೂದಿ, ಹುಣಸೆಹಣ್ಣು," ಎಂದ ಚಂದ್ರಯ್ಯ. ಬಹಳ ದಿನದ ಮೇಲೆ ಅವನ ಎದೆ ಸ್ವಲ್ಪ ಉಬ್ಬಿತು.

ಅವಳು ಒಂದು ಚೆಂಬು ನೀರು ತರಿಸಿ ಆಲಿಕೆಗೆ ಹೊಯ್ದಳು. ನೀರು ಇಳಿಯಲಿಲ್ಲ. ಅಲ್ಲೇ ತುಂಬಿ ನಿಂತು, ಅಂಚು ದಾಟಿ ಡಬ್ಬಿಯ ಹೊರಮೈ ಮೇಲೆ ಸುರಿದು ದೊಡ್ಡಪತ್ರೆಯ ಬುಡ ಸೇರಿತು. ಉಳಿದದ್ದು ತೊಟ್ಟು ತೊಟ್ಟಾಗಿ, ಸಾವಕಾಶವಾಗಿ ಒಳಗೆ ಇಳಿಯಿತು. ವನಮಾಲಾ ಪೊರಕೆಯಿಂದ ಒಂದು ಹಿಡಿಕಡ್ಡಿ ಎಳೆದು ಕೊಳವೆಗೆ ತೂರಿಸಿ ತಿರುಗಿಸಿದಳು. ಕಡ್ಡಿಯ ತುದಿಗೆ ಅಂಟಿಕೊಂಡು ಬಂದದ್ದು ಕಪ್ಪು ಮುದ್ದೆ. ಬೂದಿ, ಹುಣಸೆ ನಾರು, ಅದರ ಮೇಲೆ ಪದರ ಪದರವಾಗಿ ಕೂತ ಪೇಟೆಯ ಮಸಿ.

"ಜಿಟಿಜಿಟಿ ಮಳೆ ಇದ್ರಲ್ಲಿ ಇಳೀತದೆ," ಎಂದಳು. "ಜೋರು ಮಳೆ ಇಳಿಯೋಕಾಗದೆ ಹೊರಗೆ ಚೆಲ್ತದೆ. ನೀವು ಬರ್ದಿದ್ದು ಸುಳ್ಳಲ್ಲ. ಬಾಟ್ಲಿ ಹೇಳಿದ್ದೇ ಸುಳ್ಳು."

ಮುಕುಂದಯ್ಯ ಗಟ್ಟಿಯಾಗಿ ಉಸಿರು ಬಿಟ್ಟ. ಚಂದ್ರಯ್ಯ ಆ ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತ. ಒಂದು ಅಡಿಕೆಯಷ್ಟೂ ಇರಲಿಲ್ಲ. ಇದೇ ಕಳ್ಳ. ಇದನ್ನು ಸೋಮವಾರ ಸೋಮವಾರ ತಪ್ಪದೆ ಸಾಕಿದವನು ತಾನು.

ವನಮಾಲಾ ರಿಜಿಸ್ಟರುಗಳನ್ನು ಹರವಿಕೊಂಡು ಕೂತಳು. "ನಾನು ಬಂದಿದ್ದು ನಿಮ್ಮನ್ನ ಹಿಡಿಯೋಕಲ್ಲ ಚಂದ್ರಯ್ಯನವರೆ. ನಿಮ್ಮ ಲೆಕ್ಕ ಬೇಕು ಅಂತ. ಈ ಹೊಗೆ ಆಲಿಕೆಲಿ ಕೂತಿದ್ದು ಎಷ್ಟು, ಒಂದು ಚೂರು. ಉಳಿದಿದ್ದು ಎಲ್ಲಿಗೆ ಹೋಯ್ತು?"

"ಗಾಳಿಗೆ ಹೋಯ್ತು."

"ಹೋಗ್ಲಿಲ್ಲ. ಮಸಿ ಇವತ್ತೋ ನಾಳೆಯೋ ನೆಲಕ್ಕೆ ಬೀಳ್ತದೆ, ಕಣ್ಣಿಗೆ ಕಾಣದ ಹೊಗೆ ಮೇಲೇ ಉಳೀತದೆ. ಬಾಯ್ಲರಿಂದು, ಲಾರಿದು, ರೈಲಿಂದು. ಬೊಂಬಾಯಿದು, ಅಮೆರಿಕದ್ದು, ಎಲ್ಲಾ ಸೇರಿ. ಬೇಸಿಗೇಲಿ ಕಂಬಳಿ ಹೊದ್ದ ಹಾಗೆ ಭೂಮಿ ಬಿಸಿ ಆಗ್ತಿದೆ, ಮಳೆ ನಡತೆ ಕೆಡ್ತದೆ ಅಂತ ಓದಿದೋರು ಹೇಳ್ತಿದಾರೆ. ನಮ್ಮ ಮಲೆನಾಡಲ್ಲೂ ಹೌದಾ ಅಲ್ವಾ ಅಂತ ಹೇಳೋಕೆ ಒಂದೊಂದು ಊರಿಂದೂ ಮೂವತ್ತು ವರ್ಷದ ಮಳೆ ಬೇಕು, ನಂಬೋ ಹಾಗಿದ್ದಿದ್ದು. ಹೊಸನಗರದ ಹೂವಯ್ಯನವರ ಡಬ್ಬಿ ಸ್ವಚ್ಛ ಇದೆ, ಅಲ್ಲೂ ಮಳೆ ಸ್ವಲ್ಪ ಇಳಿದ ಹಾಗೆ ಕಾಣ್ತದೆ. ಅಷ್ಟರಿಂದ ಹೇಳೋಕಾಗಲ್ಲ. ಸಾಗರದ್ದು ಬೇಕು." ಪೆನ್ನು ತೆಗೆದಳು. "ಕೊಳವೆ ಯಾವಾಗಿಂದ ಕಟ್ಟಿದೆ? ಅಲ್ಲಿಂದ ಈಚೆ ಎಲ್ಲಾ ಬಿಡ್ಬೇಕಾಗ್ತದೆ."

ಮುಕುಂದಯ್ಯ ಕೆಮ್ಮಿದ. "ಈ ವರ್ಷ ಕಟ್ಟಿದ್ದು ಮೇಡಂ. ಅಲ್ವಾ ಚಂದ್ರಯ್ಯ? ಹಿಂದಿಂದೆಲ್ಲ ಬೆಳ್ಳಿ ಬಂಗಾರ." ಅವಳಿಗೆ ಕಾಣದಂತೆ ಕಣ್ಣು ಮಿಟುಕಿಸಿದ. ಹೂಂ ಅಂದರೆ ಮುಗಿಯಿತು. ಹದಿನೆಂಟು ವರ್ಷದ ಲೆಕ್ಕ ಉಳಿಯುತ್ತದೆ, ಹೆಸರು ಉಳಿಯುತ್ತದೆ, ಚಂದ್ರಯ್ಯ ಬರೆದ ಮಳೆ ಅಂದರೆ ಬಿದ್ದ ಮಳೆ.

ಚಂದ್ರಯ್ಯ ಹರವಿದ್ದ ರಿಜಿಸ್ಟರುಗಳ ಕಡೆ ನೋಡಿದ. ಇವಳಿಗೆ ಹೇಗೆ ಗೊತ್ತಾದೀತು? ಯಾರಿಗೆ ಗೊತ್ತಾದೀತು? ಹೂಂ ಅನ್ನಲು ಬಾಯಿ ತೆರೆದ. ಆಗ ಕಿಟಕಿಯ ಆಚೆ ಕಂಡದ್ದು ಗೋಡೆಯ ಮೇಲಿನ ಹೊಗೆಯ ಕರೆ, ಗುತ್ಯಮ್ಮನ ಒಲೆ ಇದ್ದ ಜಾಗ. ಆ ಹೆಂಗಸಿನ ಹೆಸರನ್ನು ಕೆಡಿಸಲು ತನಗೆ ಅರ್ಧ ಪುಟ ಸಾಕಾಗಿತ್ತು.

"ಎಪ್ಪತ್ತೊಂಬತ್ತರಿಂದ," ಎಂದ. "ಬಾಯ್ಲರ್ ಬಂದ ವರ್ಷ ಬೆಳಗೋಕೆ ಶುರು ಮಾಡ್ದೆ. ಆಗಿಂದ ಒಂದ್ಸಲಾನೂ ಕೊಳವೆ ನೋಡಿಲ್ಲ."

"ಎಂಟು ವರ್ಷ?" ವನಮಾಲಾಳ ಮುಖ ಇಳಿಯಿತು.

"ಎಂಟು ವರ್ಷ ಅಮ್ಮ. ಕೊಡಿ, ನಾನೇ ಬರೀತೀನಿ."

ಅವನು ಒಂದೊಂದೇ ರಿಜಿಸ್ಟರು ತೆರೆದ. ಮಳೆಗಾಲದ ಪ್ರತಿ ಪುಟದ ಮೇಲೂ ಅಡ್ಡವಾಗಿ, ಕೆಂಪು ಶಾಯಿಯಲ್ಲಿ ಬರೆದ: ದೊಡ್ಡ ಮಳೆಯ ಲೆಕ್ಕ ನಂಬುವಂತಿಲ್ಲ. ಕೊಳವೆ ಕಟ್ಟಿತ್ತು. ತಪ್ಪು ನನ್ನದು. ಕೆಳಗೆ ರುಜು. ಮಧ್ಯಾಹ್ನದಿಂದ ಸಂಜೆಯವರೆಗೆ ಅದೇ ಕೆಲಸ. ಕೊನೆಗೆ ತನ್ನ ಸಮಜಾಯಿಷಿ ಇದ್ದ ಫೈಲು ಕೇಳಿ ಪಡೆದು, ಗುತ್ಯಮ್ಮನ ಹೆಸರಿನ ಮೇಲೆ ಗೆರೆ ಎಳೆದು ತನ್ನ ಹೆಸರು ಬರೆದ. ಮುಕುಂದಯ್ಯ ತಲೆ ಚಚ್ಚಿಕೊಂಡ. "ಯಾರಾದ್ರೂ ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕ್ತಾರಾ, ದಡ್ಡ ಮುಂಡೇದೆ! ಅವಳ ಅಂಗಡಿ ವಾಪಸ್ ಬರ್ತದೆ ಅಂದ್ಕೊಂಡ್ಯಾ? ಆರ್ಡರ್ ಆಗಿಹೋಯ್ತು."

ಮರುದಿನ ಭಾನುವಾರ. ಚಂದ್ರಯ್ಯ ಎಂಟೂವರೆಯ ಮಳೆ ಅಳೆದು, ಒಂದು ಕಟ್ಟು ದೊಡ್ಡಪತ್ರೆ ಕೊಯ್ದುಕೊಂಡು ರೈಲ್ವೆ ಗೇಟು ದಾಟಿ ಹೋದ. ಗುತ್ಯಮ್ಮ ಜಗಲಿಯಲ್ಲಿ ಗಂಟು ಕಟ್ಟುತ್ತಿದ್ದಳು. ಅಂಗಡಿಯ ತಗಡು ಅಂಗಳದ ಮೂಲೆಯಲ್ಲಿ ರಾಶಿ, ಪಕ್ಕದಲ್ಲಿ ಡ್ರಮ್ಮು ಬೋರಲು ಬಿದ್ದಿತ್ತು.

"ಹುಂಚಕ್ಕೆ ಹೋಗ್ತೀನಿ, ಮಗಳ ಮನೆಗೆ," ಎಂದಳು ಅವನನ್ನು ನೋಡದೆ. "ಅಲ್ಲಿ ಹೋದ್ರೆ ಕೆಮ್ಮು ಇಳೀತದೆ. ಇಲ್ಲಿ ಎಂತ ಇದೆ ನಂಗೆ?"

"ಡಬ್ಬಿ ಕಟ್ಟಿತ್ತು ಗುತ್ಯಮ್ಮ. ಮಸಿ, ಬೂದಿ. ನಾನೇ ತುಂಬಿದ್ದು."

"ಕೇಳ್ದೆ. ಪೇಟೆ ತುಂಬ ಅದೇ ಸುದ್ದಿ."

"ಫೈಲಲ್ಲಿ ನಿನ್ನ ಹೆಸರು ಹೊಡೆದು ನನ್ನ ಹೆಸರು ಬರ್ದಿದೀನಿ."

ಅವಳು ಗಂಟನ್ನು ಬಿಟ್ಟು ನೆಟ್ಟಗೆ ಕೂತಳು. ಕೆಮ್ಮು ಬಂತು, ಅದು ಮುಗಿಯುವ ತನಕ ಅವನು ಕಾದ. "ಎಂಟು ವರ್ಷ ಕರ್ದೆ ನಿನ್ನ," ಎಂದಳು. "ಮಳೆನೀರು ಕಪ್ಪಗೆ ಬರ್ತದೆ, ಬಂದು ನೋಡು ಚಂದ್ರಣ್ಣ ಅಂತ. ಹತ್ತು ಹೆಜ್ಜೆ ಇತ್ತು. ಬಂದ್ಯಾ? ನನ್ನ ಕಾಲಿನ ಗುರುತು ನೋಡೋಕೆ ಪುಡಿ ಚೆಲ್ದೆ. ನನ್ನ ಡ್ರಮ್ಮಿಗೆ ಒಂದ್ಸಲಾನೂ ಬಗ್ಗಿ ನೋಡ್ಲಿಲ್ಲ."

ಅವನಿಗೆ ಅಳು ಬಂತು, ನಿಜವಾಗಿಯೂ ಬಂತು. ಐವತ್ತೈದು ವರ್ಷದ ಗಂಡಸು ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಮೋಡ ಮುಚ್ಚಿ ದಪ್ಪ ಹನಿ ಬೀಳತೊಡಗಿತು. ಅವಳು ದೊಡ್ಡಪತ್ರೆಯ ಕಟ್ಟನ್ನು ತೆಗೆದುಕೊಂಡಳೋ ಬಿಟ್ಟಳೋ ಅವನು ಗಮನಿಸಲಿಲ್ಲ. ಹೋಗಿ ಡ್ರಮ್ಮನ್ನು ಎತ್ತಿ ನಿಲ್ಲಿಸಿದ, ಉರುಳಿಸಿಕೊಂಡು ಬಂದು ಮಾಡಿನ ಅಂಚಿನ ಕೆಳಗೆ ಇಟ್ಟ. ಮಳೆ ಜೋರಾಯಿತು. ಹೆಂಚಿನಿಂದ ಇಳಿದ ನೀರು ಮೊದಲು ಕಪ್ಪಗೆ, ಆಮೇಲೆ ಕಂದಾಗಿ, ಬಹಳ ಹೊತ್ತಿನ ಮೇಲೆ ತಿಳಿಯಾಗಿ ಡ್ರಮ್ಮಿಗೆ ಬಿತ್ತು. ಅವನು ತೊಯ್ದುಕೊಂಡು ಅದರೊಳಗೆ ಬಗ್ಗಿ ನೋಡುತ್ತಲೇ ಇದ್ದ.

"ಎಷ್ಟು ಬಂತು?" ಎಂದಳು ಗುತ್ಯಮ್ಮ ಜಗಲಿಯಿಂದ. "ಬರ್ಕೋ ಮತ್ತೆ."

ಚಂದ್ರಯ್ಯನ ಜೇಬಿನಲ್ಲಿ ಪೆನ್ನಿತ್ತು. ಅವನು ತೆಗೆಯಲಿಲ್ಲ.